ಮಿಲಿಟರಿಯವರೇ ಓದಿಸಿ ಡಾಕ್ಟರ್ ಮಾಡುತ್ತಾರಂತೆ, ನಿಜವೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾಳೆ, ನೀಟ್‌ಗೂ ಓದುತ್ತಿದ್ದಾಳೆ. ಪ್ರೈವೇಟ್ ಮೆಡಿಕಲ್ ಸೀಟಿನ ಫೀಸು ಕಟ್ಟುವುದು ನಮ್ಮಿಂದಾಗದು. ಮಿಲಿಟರಿ ಸೇರಿದರೆ ಅವರೇ ಖರ್ಚು ಹಾಕಿ ಡಾಕ್ಟರ್ ಓದಿಸುತ್ತಾರೆ ಎಂದು ಪರಿಚಯದವರೊಬ್ಬರು ಹೇಳಿದರು. ನಮ್ಮ ಅಣ್ಣ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರ ಮಗನಿಗೆ ಕೋಚಿಂಗ್ ಸೆಂಟರಿನವರು ‘ಮೊದಲು ನರ್ಸಿಂಗ್ ಅಸಿಸ್ಟೆಂಟ್ ಆಗಿ ಒಳಗೆ ಹೋಗು, ಆಮೇಲೆ ಡಾಕ್ಟರ್ ಆಗಬಹುದು’ ಎಂದಿದ್ದಾರೆ. ಇದರಲ್ಲಿ ಯಾವುದು ನಿಜ? ಬಾಂಡ್ ಎಂದರೆ ಎಷ್ಟು ವರ್ಷ ಸಿಕ್ಕಿಕೊಳ್ಳಬೇಕು?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಮೊದಲನೆಯದು ಅರ್ಧ ನಿಜ, ಎರಡನೆಯದು ಪೂರ್ತಿ ಸುಳ್ಳು. ಸೈನ್ಯದ ವೈದ್ಯಕೀಯ ವಿಭಾಗಕ್ಕೆ ಹೋಗಲು ನಾಲ್ಕೈದು ಬಾಗಿಲುಗಳಿವೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಎಲ್ಲದರ ಮೇಲೂ ‘ಮೆಡಿಕಲ್’ ಎಂದೇ ಬರೆದಿರುತ್ತದೆ. ಆದರೆ ಪಿಯುಸಿ ಮುಗಿಸಿದವರನ್ನು ಡಾಕ್ಟರ್ ಮಾಡುವ ಬಾಗಿಲು ಒಂದೇ: ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಲ್ಲರ ಬಾಯಲ್ಲಿ ಎಎಫ್‌ಎಂಸಿ. ಉಳಿದವು ನರ್ಸ್, ನರ್ಸಿಂಗ್ ಅಸಿಸ್ಟೆಂಟ್, ಫಾರ್ಮಸಿಸ್ಟ್ ಕೆಲಸಕ್ಕೆ ಹೋಗುತ್ತವೆ. ಒಳಗೆ ಹೋದ ಮೇಲೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿಯಿಲ್ಲ. ಹಾಗಾಗಿ ಸೇರುವ ಮುಂಚೆಯೇ ಯಾವ ಬಾಗಿಲು ಎಂಬುದು ಖಚಿತವಿರಬೇಕು.

ಎಎಫ್‌ಎಂಸಿ: ಸೀಟು, ಅರ್ಹತೆ

ಈ ಕಾಲೇಜು ಶುರುವಾದದ್ದು 1948ರಲ್ಲಿ. ಪಿಯುಸಿ ನಂತರದ ಎಂಬಿಬಿಎಸ್ ವಿಭಾಗ ಬಂದದ್ದು 1962ರಲ್ಲಿ. ವರ್ಷಕ್ಕೆ 150 ಸೀಟು: ಹುಡುಗರಿಗೆ 115, ಹುಡುಗಿಯರಿಗೆ 30, ಮಿತ್ರ ದೇಶಗಳು ಕಳಿಸುವ ವಿದ್ಯಾರ್ಥಿಗಳಿಗೆ 5. ರಾಜ್ಯವಾರು ಕೋಟಾ ಇಲ್ಲ. ಇಡೀ ದೇಶದ ಹುಡುಗಿಯರು ಆ 30ಕ್ಕೆ ಪೈಪೋಟಿ ಮಾಡುವುದರಿಂದ ಅವರ ಕಟ್‌ಆಫ್ ಹುಡುಗರದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಒಂದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಮಗಳಿಗೆ ಎಎಫ್‌ಎಂಸಿ ಕರೆ ಬರುವಷ್ಟು ಅಂಕ ಬಂದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಕರ್ನಾಟಕದ ಸರ್ಕಾರಿ ಮೆಡಿಕಲ್ ಸೀಟೂ ಬಹುತೇಕ ಸಿಗುತ್ತದೆ. ಅಂದರೆ ‘ಸರ್ಕಾರಿ ಸೀಟು ಸಿಗದಿದ್ದರೆ ಮಿಲಿಟರಿ ಇದೆಯಲ್ಲ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದುಡ್ಡಿನ ಕಾರಣವೊಂದಕ್ಕೇ ಈ ದಾರಿ ಹಿಡಿಯಬೇಕಾದ ಪರಿಸ್ಥಿತಿ ಬರುವುದು ಕಡಿಮೆ. ಸಮವಸ್ತ್ರ ಬೇಕು ಅನ್ನಿಸಿದರೆ ಮಾತ್ರ ಹಿಡಿಯಬೇಕು.

ಅರ್ಹತೆಯಲ್ಲಿ ನಮ್ಮ ಮಕ್ಕಳು ಎಡವುವ ಜಾಗಗಳು ಕೆಲವಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ. 60 ಇರಬೇಕು, ಪ್ರತಿಯೊಂದರಲ್ಲೂ ಶೇ. 50, ಇಂಗ್ಲಿಷ್‌ನಲ್ಲೂ ಶೇ. 50. ಎಲ್ಲವನ್ನೂ ಒಟ್ಟಿಗೆ, ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಈಗ ನಮ್ಮಲ್ಲಿ ದ್ವಿತೀಯ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2 ಎಂದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶವಿದೆ. ಪರೀಕ್ಷೆ-1ರಲ್ಲಿ ಒಂದು ವಿಷಯ ಹೋದರೂ 2ರಲ್ಲಿ ಕಟ್ಟಿಕೊಂಡರಾಯಿತು ಎಂಬ ಧೈರ್ಯ ಬೇರೆ ಕೋರ್ಸುಗಳಿಗೆ ಸರಿ. ಇಲ್ಲಿ ಅದು ‘ಮೊದಲ ಪ್ರಯತ್ನ’ ಎಂಬ ಷರತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪಿಯುಸಿಯಲ್ಲಿ ಗಣಿತ ಇರಲೇಬೇಕೆಂದಿಲ್ಲ, ಎಸ್‌ಎಸ್‌ಎಲ್‌ಸಿಯಲ್ಲಿ ಪಾಸಾಗಿದ್ದರೆ ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 17 ತುಂಬಿರಬೇಕು, 24 ದಾಟಿರಬಾರದು. ಮದುವೆಯಾಗಿರಬಾರದು, ಕೋರ್ಸ್ ಮುಗಿಯುವ ತನಕ ಆಗುವಂತೆಯೂ ಇಲ್ಲ. ಮನೆಯಲ್ಲಿ ಹಿರಿಯರಿದ್ದರೆ ಈ ಕೊನೆಯ ಮಾತನ್ನು ಮೊದಲೇ ಅವರ ಕಿವಿಗೆ ಹಾಕಿಡಿ.

ಇನ್ನೊಂದು, ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯಾ ಬಿ.’, ಆಧಾರ್‌ನಲ್ಲಿ ‘ಕಾವ್ಯಾ ಬಸಪ್ಪ’, ಪಿಯುಸಿಯಲ್ಲಿ ಇನ್ನೇನೋ ಅಡ್ಡಹೆಸರು. ನಮ್ಮ ಕಡೆ ಇದು ಮನೆಮನೆಯ ಕಥೆ. ನೀಟ್ ಅರ್ಜಿಯಲ್ಲಿ ಹೇಗೆ ಬರೆಯುತ್ತೀರೋ ಹಾಗೆಯೇ ಮುಂದೆ ಎಲ್ಲ ಕಡೆ ಹೋಗುತ್ತದೆ. ಅರ್ಜಿ ತುಂಬುವ ಮುಂಚೆಯೇ ಆಧಾರ್ ಅನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದಿಸಿಕೊಳ್ಳಿ. ಪುಣೆಯಲ್ಲಿ ದಾಖಲೆ ತೋರಿಸುವ ದಿನ ನೋಟರಿ ಹುಡುಕಿಕೊಂಡು ಅಲೆಯುವುದು ಬೇಡ.

ಆಯ್ಕೆ ನಡೆಯುವ ಬಗೆ

ಎಎಫ್‌ಎಂಸಿಗೆಂದು ಬೇರೆ ಪ್ರವೇಶ ಪರೀಕ್ಷೆ ಇಲ್ಲ, ನೀಟ್ ಅಂಕವೇ ಆಧಾರ. ಆದರೆ ನೀಟ್ ಬರೆದ ಮಾತ್ರಕ್ಕೆ ಹೆಸರು ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಫಲಿತಾಂಶ ಬಂದ ಮೇಲೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿಯ ತಾಣದಲ್ಲಿ ನೋಂದಣಿ ಮಾಡಿ, ಎಎಫ್‌ಎಂಸಿ ಬೇಕೆಂದು ಅಲ್ಲಿ ಗುರುತಿಸಬೇಕು. ಅನೇಕರು ಕೆಇಎಯಲ್ಲಿ ಮಾತ್ರ ನೋಂದಾಯಿಸಿ, ಇದೂ ಅದರಲ್ಲೇ ಬರುತ್ತದೆಂದು ಸುಮ್ಮನೆ ಕೂರುತ್ತಾರೆ. ಬರುವುದಿಲ್ಲ. ಎಂಸಿಸಿಯ ಮೊದಲ ಸುತ್ತಿನ ದಿನಾಂಕ ದಾಟಿತೆಂದರೆ ಆ ವರ್ಷದ ಅವಕಾಶ ಹೋದಂತೆಯೇ.

ನೋಂದಾಯಿಸಿದವರ ಪಟ್ಟಿಯಿಂದ ನೀಟ್ ಅಂಕದ ಮೇಲೆ ಕಾಲೇಜು ಒಂದಿಷ್ಟು ಮಂದಿಯನ್ನು ಪುಣೆಗೆ ಕರೆಯುತ್ತದೆ. ಅಲ್ಲಿ ಕಂಪ್ಯೂಟರ್ ಮೇಲೆ ಟೋಯಲರ್ ಎಂಬ ಪರೀಕ್ಷೆ, ಮನಃಶಾಸ್ತ್ರೀಯ ಪರೀಕ್ಷೆ, ಸಂದರ್ಶನ, ಆಮೇಲೆ ವೈದ್ಯಕೀಯ ತಪಾಸಣೆ. ಟೋಯಲರ್ ಎಂದರೆ ಇಂಗ್ಲಿಷ್ ಭಾಷೆ, ಗ್ರಹಿಕೆ, ತರ್ಕದ ಪರೀಕ್ಷೆ. 40 ಪ್ರಶ್ನೆ, 30 ನಿಮಿಷ, ಸರಿಗೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಪ್ರಶ್ನೆಗೆ 45 ಸೆಕೆಂಡು ಸಿಗುತ್ತದೆ. ಕಡಿತ ಅರ್ಧವೇ ಆಗಿರುವುದರಿಂದ ನಾಲ್ಕರಲ್ಲಿ ಒಂದು ಉತ್ತರವನ್ನು ಖಚಿತವಾಗಿ ತಳ್ಳಿಹಾಕಲು ಆದರೂ ಉಳಿದ ಮೂರರಲ್ಲಿ ಊಹಿಸಿ ಗುರುತಿಸುವುದು ಲಾಭ. ನೀಟ್‌ನಲ್ಲಿ ನಾಲ್ಕಕ್ಕೆ ಒಂದು ಹೋಗುತ್ತದೆಂದು ಹೆದರಿ ಬಿಟ್ಟು ರೂಢಿಯಾದ ಮಕ್ಕಳು ಇಲ್ಲಿಯೂ ಖಾಲಿ ಬಿಟ್ಟು ಬರುತ್ತಾರೆ.

ಈಗ ಬಹಳ ಜನ ಗಮನಿಸದ ಲೆಕ್ಕ. ನೀಟ್‌ನ 720 ಮತ್ತು ಟೋಯಲರ್‌ನ 80 ಸೇರಿ 800. ಅದನ್ನು 200ಕ್ಕೆ ಇಳಿಸುತ್ತಾರೆ. ಸಂದರ್ಶನದ 50 ಅಂಕವನ್ನು ಇಳಿಸದೆ ಹಾಗೆಯೇ ಸೇರಿಸುತ್ತಾರೆ. ಒಟ್ಟು 250. ಅಂದರೆ ಸಂದರ್ಶನದ ಒಂದು ಅಂಕ ನೀಟ್‌ನ ನಾಲ್ಕು ಅಂಕಕ್ಕೆ ಸಮ. ಒಬ್ಬಳಿಗೆ ನೀಟ್ 630, ಟೋಯಲರ್ 44 ಬಂತು ಎನ್ನಿ. 674 ಇಳಿದು 168.5 ಆಗುತ್ತದೆ. ಸಂದರ್ಶನದಲ್ಲಿ 28 ಬಂದರೆ ಒಟ್ಟು 196.5. ಇನ್ನೊಬ್ಬಳಿಗೆ ನೀಟ್ 610, ಟೋಯಲರ್ 50. 660 ಇಳಿದು 165. ಸಂದರ್ಶನದಲ್ಲಿ 35 ಬಂದರೆ ಒಟ್ಟು 200. ನೀಟ್‌ನಲ್ಲಿ ಇಪ್ಪತ್ತು ಅಂಕ ಹಿಂದಿದ್ದವಳು ಮುಂದೆ ಹೋದಳು. ನೀಟ್ ಮುಗಿದ ಮರುದಿನದಿಂದ ಫಲಿತಾಂಶದ ತನಕ ಸಿಗುವ ವಾರಗಳನ್ನು ಬಹುಪಾಲು ಮಕ್ಕಳು ಮೊಬೈಲಿಗೆ ಕೊಡುತ್ತಾರೆ. ಆ ವಾರಗಳು ಸಂದರ್ಶನಕ್ಕೂ ಇಂಗ್ಲಿಷ್‌ಗೂ ಹೋಗಬೇಕು.

ಸಂದರ್ಶನದಲ್ಲಿ ಕೇಳುವುದು ಜೀವಶಾಸ್ತ್ರವಲ್ಲ. ಸೇನೆಯ ಡಾಕ್ಟರೇ ಯಾಕಾಗಬೇಕು, ನಿಮ್ಮ ಜಿಲ್ಲೆಯ ಮುಖ್ಯ ಬೆಳೆ ಯಾವುದು, ಪತ್ರಿಕೆಯಲ್ಲಿ ಇವತ್ತು ಏನಿತ್ತು, ಮೂರು ಪಡೆಗಳ ಹುದ್ದೆಗಳು ಯಾವುವು. ಭೂಸೇನೆಯ ಕ್ಯಾಪ್ಟನ್, ನೌಕಾಪಡೆಯ ಲೆಫ್ಟಿನೆಂಟ್, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಒಂದೇ ದರ್ಜೆ ಎನ್ನುವಷ್ಟಾದರೂ ಗೊತ್ತಿರಬೇಕು. ‘ಫ್ರೀಯಾಗಿ ಓದಿಸ್ತೀರಲ್ಲ ಸರ್, ಅದಕ್ಕೆ’ ಎಂಬ ಉತ್ತರ ಪ್ರಾಮಾಣಿಕವಾದರೂ ಅಂಕ ತರುವುದಿಲ್ಲ. ಇಂಗ್ಲಿಷ್ ಸರಳವಾಗಿದ್ದರೆ ತೊಂದರೆಯಿಲ್ಲ. ಬಾಯಿಪಾಠದ ಉತ್ತರ ಎರಡನೇ ಮರುಪ್ರಶ್ನೆಗೇ ಬಿದ್ದುಹೋಗುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಓದಿದ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಜೋರಾಗಿ ಇಂಗ್ಲಿಷ್ ಪತ್ರಿಕೆ ಓದಿ, ಓದಿದ್ದನ್ನು ಮನೆಯವರೆದುರು ಇಂಗ್ಲಿಷ್‌ನಲ್ಲೇ ಹೇಳುವ ಅಭ್ಯಾಸ ಮಾಡಿಸಿ. ಕೇಳುವವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಬಾಯಿ ತಿರುಗಬೇಕಷ್ಟೇ.

ಪುಣೆಗೆ ಹೋಗುವ ದಿನಗಳಲ್ಲೇ ಇಲ್ಲಿ ಕೆಇಎ ಸುತ್ತುಗಳೂ ನಡೆಯುತ್ತಿರಬಹುದು. ಕೆಇಎಯ ಪ್ರಕ್ರಿಯೆಯನ್ನು ಯಾವ ಕಾರಣಕ್ಕೂ ಬಿಡಬೇಡಿ, ಎರಡೂ ಒಟ್ಟಿಗೆ ಓಡಲಿ. ಮೂಲ ಅಂಕಪಟ್ಟಿಗಳನ್ನು ಒಂದು ಕಾಲೇಜಿಗೆ ಒಪ್ಪಿಸುವ ಮುಂಚೆ ಮಾತ್ರ ಎಎಫ್‌ಎಂಸಿಯ ಅಂತಿಮ ಪಟ್ಟಿಯ ದಿನ ಯಾವುದೆಂದು ನೋಡಿಕೊಳ್ಳಿ. ಕೆಇಎ ಸೀಟು ಬಿಟ್ಟರೆ ಯಾವ ಸುತ್ತಿನ ತನಕ ದಂಡವಿಲ್ಲ, ಯಾವ ಸುತ್ತಿನಿಂದ ದಂಡ ಬೀಳುತ್ತದೆ ಎಂಬುದು ಆ ವರ್ಷದ ಕೈಪಿಡಿಯಲ್ಲಿರುತ್ತದೆ. ಆ ಪುಟವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ವೈದ್ಯಕೀಯ ತಪಾಸಣೆ

ಇಷ್ಟೆಲ್ಲ ದಾಟಿ ಬಂದವರಲ್ಲೂ ಒಂದಿಷ್ಟು ಮಂದಿ ಇಲ್ಲಿ ಬೀಳುತ್ತಾರೆ. ಬೇಸರದ ಸಂಗತಿ ಎಂದರೆ ಕಾರಣಗಳಲ್ಲಿ ಅರ್ಧದಷ್ಟು ಊರಲ್ಲೇ ಸರಿಮಾಡಿಕೊಳ್ಳಬಹುದಾದವು: ಕಿವಿಯಲ್ಲಿ ಗುಗ್ಗೆ, ಹುಳುಕು ಹಲ್ಲು, ರಕ್ತಹೀನತೆ, ಎತ್ತರಕ್ಕೆ ಮೀರಿದ ಅಥವಾ ಸಾಲದ ತೂಕ. ಹಲ್ಲಿಗೆ ಸೇನೆಯಲ್ಲಿ ಅಂಕ ಪದ್ಧತಿ ಇದೆ, ಕನಿಷ್ಠ 14 ಡೆಂಟಲ್ ಪಾಯಿಂಟ್ ಬೇಕು. ನಮ್ಮ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಕಡಿಮೆಯಿರುವುದು ಸಾಮಾನ್ಯ, ಕಬ್ಬಿಣಾಂಶದ ಮಾತ್ರೆ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಆದ್ದರಿಂದ ನೀಟ್‌ಗೆ ಮುಂಚೆಯೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕಣ್ಣು, ಕಿವಿ-ಮೂಗು-ಗಂಟಲು, ಹಲ್ಲು, ಹೊಟ್ಟೆಯ ಸ್ಕ್ಯಾನ್, ಬಿಪಿ ಇಷ್ಟನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಮುಗಿಸಬಹುದು. ಹುಡುಗರಾದರೆ ಹೈಡ್ರೋಸಿಲ್, ವೇರಿಕೋಸಿಲ್, ಪೈಲ್ಸ್ ಕೂಡ ನೋಡಿಸಿ. ನಾಚಿಕೆಯಿಂದ ಮನೆಯಲ್ಲಿ ಹೇಳಿರುವುದಿಲ್ಲ, ಅಲ್ಲಿ ಎಲ್ಲವೂ ಹೊರಬರುತ್ತದೆ.

ಕೆಲವು ಸರಿಯಾಗುವಂಥವಲ್ಲ. ಬಣ್ಣಗಳನ್ನು ಗುರುತಿಸುವ ಶಕ್ತಿ ಕಡಿಮೆ ಇದ್ದರೆ ಏನೂ ಮಾಡಲಾಗದು. ಚುಕ್ಕೆಗಳ ನಡುವೆ ಸಂಖ್ಯೆ ಓದಿಸುವ ಇಶಿಹಾರ ಪುಸ್ತಕ ಯಾವ ಕಣ್ಣಿನ ಡಾಕ್ಟರ ಹತ್ತಿರವಾದರೂ ಇರುತ್ತದೆ, ಐದು ನಿಮಿಷದ ಕೆಲಸ. ವರ್ಷಗಟ್ಟಲೆ ಕನಸು ಕಟ್ಟುವ ಮುಂಚೆ ಅದೊಂದನ್ನು ಮಾಡಿಸಿಬಿಡಿ. ಕನ್ನಡಕ ಇದ್ದ ಮಾತ್ರಕ್ಕೆ ಅನರ್ಹರಲ್ಲ, ನಂಬರಿಗೆ ಮಿತಿಯಿದೆ. ಕನ್ನಡಕ ತೆಗೆಸುತ್ತೇವೆಂದು 18ಕ್ಕೇ ಲೇಸರ್ ಮಾಡಿಸಿದರೆ ಮಾತ್ರ ಅದೇ ತೊಡಕಾಗುತ್ತದೆ. 20 ತುಂಬಿದ ಮೇಲೆ ಮಾಡಿಸಿರಬೇಕು, ಮಾಡಿಸಿ ಒಂದು ವರ್ಷವಾದರೂ ಕಳೆದಿರಬೇಕು ಎಂಬ ನಿಯಮವಿದೆ. ಅನರ್ಹ ಎಂದು ಬರೆದರೆ ಕಾರಣವನ್ನು ಬರಹದಲ್ಲಿ ಪಡೆದು, ಮರುತಪಾಸಣೆಗೆ ಅಲ್ಲಿಯೇ ಹೇಳುವ ಗಡುವಿನೊಳಗೆ ಅರ್ಜಿ ಹಾಕಿ. ಊರಿಗೆ ಬಂದು ಯೋಚಿಸೋಣ ಎಂದು ಬಂದವರ ಗಡುವು ದಾರಿಯಲ್ಲೇ ಕಳೆದಿರುತ್ತದೆ.

ಬಾಂಡ್

ನೀವು ಕೇಳಿದ ಮುಖ್ಯ ಪ್ರಶ್ನೆ ಇದು. ಎಎಫ್‌ಎಂಸಿಯಲ್ಲಿ ಬೋಧನಾ ಶುಲ್ಕವಿಲ್ಲ, ವಸತಿ ಅವರದೇ. ಪದವಿ ಕೊಡುವುದು ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ, ಬೇರೆ ಎಂಬಿಬಿಎಸ್‌ಗಳಿಗಿರುವ ಮಾನ್ಯತೆಯೇ ಇದಕ್ಕೂ. ಇದಕ್ಕೆ ಪ್ರತಿಯಾಗಿ ಸೇವೆಯ ಕರಾರಿಗೆ ವಿದ್ಯಾರ್ಥಿಯೂ ಪೋಷಕರೂ ಸಹಿ ಹಾಕಬೇಕು. ಓದು ಮುಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪರ್ಮನೆಂಟ್ ಕಮಿಷನ್ (ಕಮಿಷನ್ ಎಂದರೆ ಸೇನೆಯ ಅಧಿಕಾರಿಯಾಗಿ ನೇಮಕ), ಉಳಿದವರಿಗೆ ಏಳು ವರ್ಷದ ಶಾರ್ಟ್ ಸರ್ವಿಸ್ ಕಮಿಷನ್. ಯಾರಿಗೆ ಯಾವುದು ಎನ್ನುವಾಗ ಅವರವರ ಆಯ್ಕೆಯ ಜೊತೆಗೆ ಮೆರಿಟ್ ಕೂಡ ಲೆಕ್ಕಕ್ಕೆ ಬರುತ್ತದೆ.

ವಯಸ್ಸಿನ ಲೆಕ್ಕ ಹಾಕಿ ನೋಡಿ. 18ಕ್ಕೆ ಸೇರಿದರೆ ನಾಲ್ಕೂವರೆ ವರ್ಷ ಓದು. ಅಂತಿಮ ಪರೀಕ್ಷೆ ಪಾಸಾದ ಕೂಡಲೇ ಕಮಿಷನ್ ಸಿಗುತ್ತದೆ, ಇಂಟರ್ನ್‌ಶಿಪ್ ಮಾಡುವುದೇ ಅಧಿಕಾರಿಯಾಗಿ, ಸೇನಾ ಆಸ್ಪತ್ರೆಗಳಲ್ಲಿ. ಏಳು ವರ್ಷದ ಸೇವೆ ಮುಗಿಯುವಾಗ ವಯಸ್ಸು ಮೂವತ್ತರ ಆಸುಪಾಸು. ಪರ್ಮನೆಂಟ್ ಕಮಿಷನ್ ಎಂದರೆ ಇಡೀ ವೃತ್ತಿಜೀವನವೇ ಅಲ್ಲಿ. ಮಧ್ಯದಲ್ಲಿ ಬೇಕೆಂದಾಗ ರಾಜೀನಾಮೆ ಬಿಸಾಕಿ ಬರುವಂತಿಲ್ಲ, ಒಪ್ಪಿಗೆ ಸಿಗುವುದು ಕಷ್ಟ.

ಕರಾರು ಮುರಿದರೆ ಬಾಂಡ್ ಹಣ ಕಟ್ಟಬೇಕು. ಈಚಿನ ವರ್ಷಗಳಲ್ಲಿ ಅದು ಅರವತ್ತು ಲಕ್ಷ ರೂಪಾಯಿಯನ್ನೂ ದಾಟಿದೆ, ಆಗಾಗ ಏರುತ್ತದೆ. ನಿಮ್ಮ ಮಗಳು ಸೇರುವ ವರ್ಷದ ಮಾಹಿತಿ ಪುಸ್ತಕದಲ್ಲಿರುವ ಮೊತ್ತವೇ ಅವಳಿಗೆ ಅನ್ವಯ. ‘ಓದು ಮುಗಿಸಿ ಬಾಂಡ್ ಕಟ್ಟಿ ಹೊರಬಂದರಾಯಿತು’ ಎಂದು ಯೋಚಿಸುವವರಿದ್ದಾರೆ. ಅಷ್ಟು ದುಡ್ಡು ಕೈಯಲ್ಲಿರುವವರಿಗೆ ಈ ದಾರಿಯೇ ಬೇಕಿರಲಿಲ್ಲ.

ಸಂಬಳದ ವಿಷಯದಲ್ಲಿ ಚಿಂತೆಯಿಲ್ಲ. ಏಳನೇ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್ ಮೂಲವೇತನ 56,100, ಇಂಟರ್ನ್‌ಶಿಪ್ ನಂತರ ಕ್ಯಾಪ್ಟನ್ ಆದಾಗ 61,300. ಇದರ ಮೇಲೆ ಮಿಲಿಟರಿ ಸೇವಾ ವೇತನ 15,500, ಡಾಕ್ಟರುಗಳಿಗೆ ಖಾಸಗಿ ಪ್ರಾಕ್ಟೀಸ್ ಮಾಡದಿರುವುದಕ್ಕೆ ಮೂಲವೇತನದ ಶೇ. 20, ತುಟ್ಟಿಭತ್ಯೆ ಬೇರೆ.

ಓದಿದ ಮೇಲೆ ಏನು ಕೆಲಸ

ಇದನ್ನು ಹೇಳದೆ ಬಾಂಡ್ ಮಾತ್ರ ಹೇಳಿದರೆ ಉತ್ತರ ಅಪೂರ್ಣ. ಮಗಳ ತಲೆಯಲ್ಲಿ ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರ್ ಇರಬಹುದು. ಲಖನೌನ ಆರ್ಮಿ ಮೆಡಿಕಲ್ ಕೋರ್ ಕೇಂದ್ರದಲ್ಲಿ ತರಬೇತಿ ಮುಗಿಸಿದ ಮೊದಲ ವರ್ಷಗಳಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಘಟಕದ ವೈದ್ಯಾಧಿಕಾರಿ ಕೆಲಸ: ಗಡಿಯ ಹತ್ತಿರದ ಫೀಲ್ಡ್ ಆಸ್ಪತ್ರೆ, ಒಂದು ಬೆಟಾಲಿಯನ್, ಒಂದು ಹಡಗು, ಇಲ್ಲವೇ ವಾಯುನೆಲೆಯ ಎಂಐ ರೂಮ್, ಅಂದರೆ ರೋಗಿಗಳನ್ನು ತಪಾಸಣೆ ಮಾಡುವ ಸಣ್ಣ ಚಿಕಿತ್ಸಾಲಯ. ಬೆಳಿಗ್ಗೆ ಹುಷಾರಿಲ್ಲದ ಸೈನಿಕರು ಸರದಿಯಲ್ಲಿ ನಿಲ್ಲುವ ಸಿಕ್ ಪರೇಡ್‌ಗೆ ಬಂದವರನ್ನು ನೋಡುವುದು, ಲಸಿಕೆ, ಎತ್ತರ ಪ್ರದೇಶಕ್ಕೆ ಹೋಗುವವರ ತಪಾಸಣೆ, ಅಡುಗೆಮನೆ ಪರಿಶೀಲನೆ, ನೀರಿನ ಪರೀಕ್ಷೆ.

ನೀರಿನ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಹಾರಕ್ಸ್ ಎಂಬ ಪೆಟ್ಟಿಗೆಯಿದೆ. ಅದನ್ನು ರೂಪಿಸಿದವರೂ ಸೇನಾ ವೈದ್ಯರೇ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚ. ಕಪ್ಪು ಬಟ್ಟಲಲ್ಲಿ ಬ್ಲೀಚಿಂಗ್ ಪೌಡರ್ ದ್ರಾವಣ ಮಾಡಿ, ಆರು ಬಟ್ಟಲ ನೀರಿಗೆ ಒಂದು ಹನಿ, ಎರಡು ಹನಿ, ಮೂರು ಹನಿ ಎಂದು ಏರಿಸುತ್ತಾ ಹಾಕಬೇಕು. ಅರ್ಧ ಗಂಟೆ ಬಿಟ್ಟು ಸೂಚಕ ದ್ರಾವಣ ಹಾಕಿದಾಗ ಸ್ಪಷ್ಟ ನೀಲಿ ಮೊದಲು ಕಾಣಿಸಿದ್ದು ಮೂರನೇ ಬಟ್ಟಲಲ್ಲಿ ಎಂದಾದರೆ 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ ಆರು ಗ್ರಾಂ ಪೌಡರ್ ಬೇಕು ಎಂದರ್ಥ. ಎಂಟುನೂರು ಜನರ ಹೊಟ್ಟೆಯ ಆರೋಗ್ಯ ಈ ಲೆಕ್ಕದ ಮೇಲೆ ನಿಂತಿರುತ್ತದೆ. ಇಂಥ ಕೆಲಸದಲ್ಲಿ ರುಚಿ ಇರುವವರಿಗೆ ಸೇನೆ ಒಗ್ಗುತ್ತದೆ, ಇಲ್ಲದವರಿಗೆ ಏಳು ವರ್ಷ ಉದ್ದವಾಗುತ್ತದೆ.

ಮುಂದೆ ಎಂಡಿ, ಎಂಎಸ್‌ಗೆ ಅವಕಾಶವಿದೆ: ಪುಣೆಯಲ್ಲಿ, ದೆಹಲಿಯ ಆರ್ಮಿ ಹಾಸ್ಪಿಟಲ್‌ನಲ್ಲಿ, ಮುಂಬೈಯ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿ, ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ವಿಮಾನಯಾನ ವೈದ್ಯಕೀಯದಲ್ಲಿ ಎಂಡಿ ಮಾಡಬಹುದು. ಗಗನಯಾನದ ಗಗನಯಾತ್ರಿಗಳ ಆಯ್ಕೆಯ ತಪಾಸಣೆ ನಡೆದದ್ದು ಅಲ್ಲಿಯೇ. ಆದರೆ ಪಿಜಿ ಓದಿಸಿದರೆ ಮತ್ತೆ ಸೇವೆಯ ಕರಾರು ಸೇರುತ್ತದೆ. ಹೆಣ್ಣುಮಕ್ಕಳು ಎಷ್ಟು ಮೇಲಕ್ಕೆ ಹೋಗಬಹುದು ಎಂಬ ಅನುಮಾನ ಮನೆಯಲ್ಲಿದ್ದರೆ, 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕರಾದ ಸರ್ಜನ್ ವೈಸ್ ಅಡ್ಮಿರಲ್ ಆರತಿ ಸರೀನ್ ಎಎಫ್‌ಎಂಸಿಯಲ್ಲಿ ಓದಿದವರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು.

ತಡವಾಗಿ ಸೇರುವ ದಾರಿ

ಸಮವಸ್ತ್ರದ ಬಗ್ಗೆ ಮಗಳಿಗೆ ಇನ್ನೂ ಖಾತ್ರಿಯಿಲ್ಲ ಎಂದಾದರೆ ನನ್ನ ಸಲಹೆ ಇದೇ. ಹಾವೇರಿ, ಗದಗ, ಹುಬ್ಬಳ್ಳಿ, ಎಲ್ಲಾದರೂ ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಲಿ. ಇಂಟರ್ನ್‌ಶಿಪ್ ಮುಗಿಸಿ ವೈದ್ಯಕೀಯ ಪರಿಷತ್ತಿನ ಶಾಶ್ವತ ನೋಂದಣಿ ಪಡೆದ ಮೇಲೆ ಶಾರ್ಟ್ ಸರ್ವಿಸ್‌ಗೆ ಅರ್ಜಿ ಹಾಕಬಹುದು. ಎಂಬಿಬಿಎಸ್ ಆದವರಿಗೆ ವಯೋಮಿತಿ 30, ಪಿಜಿ ಮಾಡಿದವರಿಗೆ 35. ಮೊದಲಿಗೆ ಐದು ವರ್ಷ, ಇಷ್ಟವಿದ್ದು ಅವರಿಗೂ ಬೇಕೆನಿಸಿದರೆ ಎರಡು ಕಂತಿನಲ್ಲಿ 14 ವರ್ಷದ ತನಕ ಮುಂದುವರಿಯಬಹುದು. ಹದಿನೇಳರಲ್ಲಿ ಕೈಗೊಳ್ಳುವ ತೀರ್ಮಾನವನ್ನು ಇಪ್ಪತ್ನಾಲ್ಕರಲ್ಲಿ, ರೋಗಿಗಳನ್ನು ಕಂಡ ಮೇಲೆ ಕೈಗೊಳ್ಳಬಹುದು ಎಂಬುದು ಇದರ ದೊಡ್ಡ ಅನುಕೂಲ. ದಂತ ವೈದ್ಯರಿಗೆ ಇರುವುದು ಈ ಥರದ ದಾರಿ ಮಾತ್ರ. ಸೇನೆಯಲ್ಲಿ ಬಿಡಿಎಸ್ ಓದಿಸುವ ಕಾಲೇಜಿಲ್ಲ. ಬಿಡಿಎಸ್ ಮುಗಿಸಿ ನೀಟ್-ಎಂಡಿಎಸ್ ಅಂಕದ ಮೇಲೆ ಆರ್ಮಿ ಡೆಂಟಲ್ ಕೋರ್‌ಗೆ ಅರ್ಜಿ ಹಾಕಬೇಕು.

ಮಗಳಿಗೆ ಇನ್ನೊಂದು: ಮಿಲಿಟರಿ ನರ್ಸಿಂಗ್

ನೀಟ್ ಅಂಕ ಎಂಬಿಬಿಎಸ್‌ಗೆ ಸಾಲದೆ ಹೋದರೆ ಈ ದಾರಿ ನೆನಪಿರಲಿ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ಹೆಣ್ಣುಮಕ್ಕಳಿಗೆ ಮಾತ್ರ. ಆರು ಸೇನಾ ಆಸ್ಪತ್ರೆಗಳ ಕಾಲೇಜುಗಳಲ್ಲಿ ಒಟ್ಟು 220 ಸೀಟು, ಅದರಲ್ಲಿ 40 ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿವೆ. ಓದು, ಊಟ, ವಸತಿ ಉಚಿತ, ಸ್ಟೈಪೆಂಡ್ ಕೊಡುತ್ತಾರೆ. ಮುಗಿಸಿದ ಮೇಲೆ ಲೆಫ್ಟಿನೆಂಟ್ ಆಗಿ ಕಮಿಷನ್, ಸೇವೆಯ ಕರಾರು ಇದಕ್ಕೂ ಇದೆ. ಪಿಯುಸಿಯಲ್ಲಿ ಶೇ. 50 ಸಾಕು, ಆದರೆ ಮೊದಲ ಪ್ರಯತ್ನದ ಷರತ್ತು ಇಲ್ಲೂ ಇದೆ. ಎತ್ತರ 152 ಸೆಂ.ಮೀ. ಬೇಕು.

ನೀಟ್ ಅಂಕವೇ ಬೇಕಾದರೂ ಅರ್ಜಿ ಎಂಸಿಸಿಗೂ ಅಲ್ಲ, ಕೆಇಎಗೂ ಅಲ್ಲ. ಭಾರತೀಯ ಸೇನೆಯ ನೇಮಕಾತಿ ತಾಣದಲ್ಲಿ ಬೇರೆಯಾಗಿಯೇ ಹಾಕಬೇಕು, ಕಿಟಕಿ ತೆರೆದಿರುವುದು ಕೆಲವೇ ದಿನ. ಬರುವ ವರ್ಷ ನೀಟ್ ಫಲಿತಾಂಶ ಬಂದ ದಿನದಿಂದ ಆ ತಾಣವನ್ನು ದಿನವೂ ಒಮ್ಮೆ ನೋಡಿ. ಆಮೇಲೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷ್‌ನ ಕಂಪ್ಯೂಟರ್ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಇದರಿಂದ ಮುಂದೆ ಎಂಬಿಬಿಎಸ್‌ಗೆ ಹೋಗಲಾಗದು. ಡಾಕ್ಟರ್ ಆಗುವುದೇ ಬೇಕು ಎಂದು ಹಟವಿರುವವಳನ್ನು ಸಮಾಧಾನಪಡಿಸಲು ಇಲ್ಲಿಗೆ ಕಳಿಸಿದರೆ ನಾಲ್ಕು ವರ್ಷ ಅವಳಿಗೆ ಹಿಂಸೆ. ನರ್ಸಿಂಗ್ ಇಷ್ಟಪಟ್ಟು ಹೋಗುವವರಿಗಾದರೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗಗಳು ಕಡಿಮೆ.

ಅಣ್ಣನ ಮಗನ ವಿಷಯ

ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್ ಎನ್ನುವುದು ಸಿಪಾಯಿ ದರ್ಜೆಯ ಕೆಲಸ. ಹದಿನೇಳೂವರೆಯಿಂದ 23 ವಯಸ್ಸು, ಪಿಯುಸಿಯಲ್ಲಿ ಪಿಸಿಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ) ಮತ್ತು ಇಂಗ್ಲಿಷ್ ಓದಿ ಒಟ್ಟು ಶೇ. 50, ಪ್ರತಿ ವಿಷಯದಲ್ಲಿ ಶೇ. 40. ಆನ್‌ಲೈನ್ ಲಿಖಿತ ಪರೀಕ್ಷೆ ಮೊದಲು, ರ‍್ಯಾಲಿಯ ಓಟ ಆಮೇಲೆ. 1.6 ಕಿ.ಮೀ. ಓಟಕ್ಕೆ ಪೂರ್ಣ ಅಂಕ ಬೇಕೆಂದರೆ ಐದೂವರೆ ನಿಮಿಷದೊಳಗೆ ಮುಟ್ಟಬೇಕು. ತರಬೇತಿ ಲಖನೌನಲ್ಲಿ. ಅಗ್ನಿವೀರ್ ಯೋಜನೆಯ ನಾಲ್ಕು ವರ್ಷದ ಕರಾರಿಗೆ ಇದು ಸೇರಿಲ್ಲ, ರೆಗ್ಯುಲರ್ ನೇಮಕಾತಿ. ಅದಕ್ಕೇ ಪೈಪೋಟಿ ಜಾಸ್ತಿ. ಮೂಲವೇತನ 21,700ರಿಂದ ಶುರು, ಸೇವಾ ವೇತನ 5,200. ವಾರ್ಡಿನ ಕೆಲಸ, ಗಾಯಾಳುಗಳ ಪ್ರಥಮ ಚಿಕಿತ್ಸೆ, ಆಂಬುಲೆನ್ಸ್ ಜೊತೆ ಹೋಗುವುದು, ಗಡಿಯ ಚೌಕಿಯಲ್ಲಿ ಡಾಕ್ಟರ್ ಇಲ್ಲದಾಗ ಔಷಧಿ ಪೆಟ್ಟಿಗೆಯ ಹೊಣೆ. ಗೌರವದ, ಗಟ್ಟಿ ಕೆಲಸ. ಆದರೆ ಇಲ್ಲಿಂದ ಡಾಕ್ಟರ್ ಹುದ್ದೆಗೆ ಬಡ್ತಿಯಿಲ್ಲ, ಸೇವೆಯಲ್ಲಿರುವಾಗ ಎಂಬಿಬಿಎಸ್‌ಗೆ ಕಳಿಸುವ ಪದ್ಧತಿಯಿಲ್ಲ. ಕೋಚಿಂಗ್ ಸೆಂಟರಿನವರು ಹೇಳಿದ್ದನ್ನು ಮಾಹಿತಿ ಪುಸ್ತಕದ ಯಾವ ಪುಟದಲ್ಲಿದೆ ಎಂದು ತೋರಿಸಲು ಕೇಳಿ ನೋಡಿ. ನಿವೃತ್ತಿಯ ನಂತರ ಆಸ್ಪತ್ರೆಗಳು ಸ್ಟಾಫ್ ನರ್ಸ್ ಹುದ್ದೆಗೆ ಕೇಳುವುದು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಇಲ್ಲವೇ ಬಿಎಸ್ಸಿ ನರ್ಸಿಂಗ್ ಮತ್ತು ನರ್ಸಿಂಗ್ ಕೌನ್ಸಿಲ್ ನೋಂದಣಿ ಎಂಬುದೂ ಅವನಿಗೆ ತಿಳಿದಿರಲಿ.

ನೌಕಾಪಡೆಯಲ್ಲಿ ಎಸ್‌ಎಸ್‌ಆರ್ ಮೆಡಿಕಲ್ ಅಸಿಸ್ಟೆಂಟ್, ವಾಯುಪಡೆಯಲ್ಲಿ ಗ್ರೂಪ್ ವೈ ಮೆಡಿಕಲ್ ಅಸಿಸ್ಟೆಂಟ್ ಎಂಬ ಇದೇ ಬಗೆಯ ಹುದ್ದೆಗಳಿವೆ. ವಾಯುಪಡೆಯದಕ್ಕೆ ಪಿಸಿಬಿ ಮತ್ತು ಇಂಗ್ಲಿಷ್‌ನಲ್ಲಿ ಶೇ. 50 ಕೇಳುತ್ತಾರೆ. ಡಿ.ಫಾರ್ಮಾ ಮಾಡಿದ್ದರೆ ಭೂಸೇನೆಯ ಸಿಪಾಯಿ ಫಾರ್ಮಾ ಹುದ್ದೆ ಇದೆ, 19ರಿಂದ 25 ವಯಸ್ಸು. ಯಾವುದಕ್ಕೂ ದಲ್ಲಾಳಿಗೆ ದುಡ್ಡು ಕೊಡಬೇಕಿಲ್ಲ, ಕೊಟ್ಟರೂ ಕೆಲಸವಾಗದು.

ನಿಮ್ಮ ಅಣ್ಣ ಮಾಜಿ ಸೈನಿಕರಾಗಿರುವುದರ ಅನುಕೂಲ ಅವರ ಮಗನಿಗೆ ಇದೆ, ನಿಮ್ಮ ಮಗಳಿಗೆ ಇಲ್ಲ. ಸಿಪಾಯಿ ನೇಮಕಾತಿಯಲ್ಲಿ ಮಾಜಿ ಸೈನಿಕರ ಮಗನಿಗೆ ಬೋನಸ್ ಅಂಕವಿದೆ. ಅವನಿಗೆ ಡಾಕ್ಟರೇ ಆಗಬೇಕೆಂದಿದ್ದರೆ ನೀಟ್ ಬರೆದು ಕೆಇಎಯಲ್ಲಿ ಮಾಜಿ ಸೈನಿಕರ ಮಕ್ಕಳ ಮೀಸಲಾತಿಗೆ ಅರ್ಜಿ ಹಾಕಲಿ, ಪ್ರಮಾಣಪತ್ರ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಲಿ. ದೆಹಲಿಯ ಆರ್ಮಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್ ಕೂಡ ಭೂಸೇನೆಯ ಸಿಬ್ಬಂದಿ ಮತ್ತು ಮಾಜಿ ಸೈನಿಕರ ಮಕ್ಕಳಿಗೆಂದೇ ಇರುವುದು. ಹೆಸರು ನೋಡಿ ಅದನ್ನು ಎಎಫ್‌ಎಂಸಿಯ ತಮ್ಮ ಎಂದುಕೊಳ್ಳುವವರಿದ್ದಾರೆ. ಅದು ಆರ್ಮಿ ವೆಲ್‌ಫೇರ್ ಎಜುಕೇಶನ್ ಸೊಸೈಟಿ ನಡೆಸುವ ಕಾಲೇಜು. ಅಲ್ಲಿ ಫೀಸು ಕಟ್ಟಬೇಕು, ಎಎಫ್‌ಎಂಸಿಯಂತೆ ಓದು ಮುಗಿಸಿ ಸೇನೆ ಸೇರಲೇಬೇಕೆಂಬ ಕರಾರಿಲ್ಲ. ಅಣ್ಣನ ಡಿಸ್ಚಾರ್ಜ್ ಪುಸ್ತಕದಲ್ಲಿ ಮಗನ ಹೆಸರು, ಜನ್ಮದಿನಾಂಕ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ನೋಡಿಕೊಳ್ಳಲು ಹೇಳಿ. ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ, ಆ ಕೆಲಸ ಈಗಲೇ ಶುರುವಾಗಲಿ.